ಮಾಂಸಾಹಾರಿ ಸಸ್ಯಗಳ ಆನುವಂಶಿಕ ಸೂಚಕಗಳು

ಮಾಂಸಾಹಾರಿ ಸಸ್ಯಗಳ ಆನುವಂಶಿಕ ಸೂಚಕಗಳು ಎಂದರೆ ಕೀಟ ಮತ್ತಿತರ ಸಣ್ಣ ಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಸಸ್ಯಗಳ ಡಿಎನ್‌ಎಯಲ್ಲಿ ಗಿಡದಿಂದ ಗಿಡಕ್ಕೆ ಭಿನ್ನವಾಗಿರುವ, ಪ್ರಯೋಗಾಲಯದಲ್ಲಿ ಓದಬಹುದಾದ ನಿರ್ದಿಷ್ಟ ಸ್ಥಾನಗಳು. ಒಂದೇ ಪ್ರಭೇದದ ಗಿಡಗಳು ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಅವುಗಳ ಒಳಗಿನ ವೈವಿಧ್ಯ ಎಷ್ಟು, ಒಂದು ನೆಲೆಯ ಗಿಡಗಳಿಗೂ ಇನ್ನೊಂದು ನೆಲೆಯ ಗಿಡಗಳಿಗೂ ಎಷ್ಟು ಹತ್ತಿರದ ಸಂಬಂಧ ಎಂಬುದನ್ನು ಈ ಸೂಚಕಗಳಿಂದ ಅಳೆಯಲಾಗುತ್ತದೆ. ಚಿಕ್ಕ ಚಿಕ್ಕ ತುಣುಕು ನೆಲೆಗಳಲ್ಲಿ ಬದುಕುವ ಈ ಸಸ್ಯಗಳ ಸಂರಕ್ಷಣೆಯಲ್ಲಿ ಇಂಥ ಅಳತೆಗೆ ವಿಶೇಷ ಮಹತ್ತ್ವವಿದೆ. ಒಂದು ನೆಲೆ ನಾಶವಾದಾಗ ಕಳೆದುಹೋದದ್ದು ಬೇರೆಡೆಯೂ ಉಳಿದಿರುವಂಥದ್ದೋ, ಮತ್ತೆಲ್ಲಿಯೂ ಸಿಗದಂಥದ್ದೋ ಎಂಬ ಪ್ರಶ್ನೆಗೆ ಬರಿಗಣ್ಣಿನಿಂದ ಉತ್ತರ ದೊರೆಯುವುದಿಲ್ಲ.

ಹಿನ್ನೆಲೆ

ಜಗತ್ತಿನಲ್ಲಿ ಸುಮಾರು 800 ಮಾಂಸಾಹಾರಿ ಸಸ್ಯ ಪ್ರಭೇದಗಳು ತಿಳಿದಿವೆ. ಇವು ಒಂದೇ ಮೂಲದಿಂದ ಬಂದವಲ್ಲ. ಪರಸ್ಪರ ದೂರದ ಹಲವು ಸಸ್ಯ ಕುಟುಂಬಗಳಲ್ಲಿ ಈ ಗುಣ ಪ್ರತ್ಯೇಕವಾಗಿ ಹುಟ್ಟಿದೆ. ಸಾರಜನಕ ಮತ್ತು ರಂಜಕ ತೀರ ಕಡಿಮೆಯಿರುವ, ಆದರೆ ತೇವ ಮತ್ತು ಬಿಸಿಲು ಸಾಕಷ್ಟಿರುವ ನೆಲದಲ್ಲಿ ಇವು ಬೆಳೆಯುತ್ತವೆ. ಮಣ್ಣಿನಲ್ಲಿ ಸಿಗದ ಪೋಷಕಾಂಶವನ್ನು ಕೀಟದ ದೇಹದಿಂದ ಪಡೆಯುತ್ತವೆ. ಆಹಾರ ತಯಾರಿಕೆಗೆ ಎಲ್ಲ ಹಸಿರು ಸಸ್ಯಗಳಂತೆ ಸೂರ್ಯನ ಬೆಳಕನ್ನೇ ಅವಲಂಬಿಸಿವೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಎಲೆಗಳ ಮೇಲೆ ಮಾಂಸದ ಚೂರು, ಮೊಟ್ಟೆಯ ಬಿಳಿಭಾಗ ಮುಂತಾದವನ್ನು ಇಟ್ಟು ಅವನು ನಡೆಸಿದ ಪ್ರಯೋಗಗಳಿಂದ ಈ ವಿಷಯ ವಿಜ್ಞಾನದ ಗಂಭೀರ ಶಾಖೆಯಾಯಿತು.

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ಕುಲಗಳ ಮಾಂಸಾಹಾರಿ ಸಸ್ಯಗಳು ಕಾಣಸಿಗುತ್ತವೆ. ಮೊದಲನೆಯದು ಡ್ರಾಸೆರಾ. ಇದರ ಎಲೆಗಳ ಮೇಲಿನ ಕೆಂಪು ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟುಹನಿಗಳಿರುತ್ತವೆ. ಡ್ರಾಸೆರಾ ಬರ್ಮಾನಿ ನೆಲಕ್ಕೆ ಅಂಟಿಕೊಂಡಂತೆ ಚಕ್ರಾಕಾರವಾಗಿ ಎಲೆ ಹರಡುವ, ನಾಣ್ಯದಷ್ಟಗಲದ ಗಿಡ. ಇದರ ಎಲೆಯಂಚಿನ ಉದ್ದನೆಯ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗುತ್ತವೆ. ಡ್ರಾಸೆರಾ ಇಂಡಿಕಾ ನೆಟ್ಟಗೆ ಬೆಳೆಯುವ, ಎಳೆಯಂಥ ಉದ್ದ ಎಲೆಗಳ ವಾರ್ಷಿಕ ಸಸ್ಯ. ಲಿನೇಯಸ್ ಇದಕ್ಕೆ 1753ರಲ್ಲಿಯೇ ಹೆಸರಿಟ್ಟ. ಮೂರನೆಯ ಪ್ರಭೇದವಾದ ಡ್ರಾಸೆರಾ ಪೆಲ್ಟೇಟಾ ಎತ್ತರದ ಹುಲ್ಲುಗಾವಲುಗಳಲ್ಲಿ ಹೆಚ್ಚು. ಎರಡನೆಯ ಕುಲ ಯುಟ್ರಿಕ್ಯುಲೇರಿಯಾ. ಇದರ ಕೆಲವು ಪ್ರಭೇದಗಳು ಕೆರೆ ಕುಂಟೆಗಳ ನೀರಿನಲ್ಲಿ ತೇಲುತ್ತವೆ, ಇನ್ನು ಕೆಲವು ಒದ್ದೆ ಬಂಡೆ ಮತ್ತು ಜೌಗು ಮಣ್ಣಿನ ಮೇಲೆ ಬೆಳೆಯುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಇದರ ನೀರ್ಚೀಲಗಳು ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಬೇಟೆಯನ್ನು ಒಳಗೆಳೆದುಕೊಳ್ಳುತ್ತವೆ. ಶಾಲಾ ಪಠ್ಯಗಳಲ್ಲಿ ಚಿತ್ರಸಹಿತ ಕಾಣುವ ಹೂಜಿ ಗಿಡ, ಅಂದರೆ ನೆಪೆಂಥಿಸ್ ಖಾಸಿಯಾನಾ, ಮೇಘಾಲಯದ ಸುತ್ತಿನ ಬೆಟ್ಟಗಳದ್ದು. ಕರ್ನಾಟಕದ ವಿದ್ಯಾರ್ಥಿಗೆ ಹತ್ತಿರದಲ್ಲಿ ನೋಡಲು ಸಿಗಬಹುದಾದವು ಡ್ರಾಸೆರಾ ಮತ್ತು ಯುಟ್ರಿಕ್ಯುಲೇರಿಯಾಗಳೇ ಹೊರತು ಅದಲ್ಲ.

ಬಯಲುಸೀಮೆಯ ನೆಲೆಗಳು

ಮಾಂಸಾಹಾರಿ ಸಸ್ಯ ಎಂದೊಡನೆ ಮಲೆನಾಡಿನ ಮಳೆಕಾಡು ನೆನಪಾಗುವುದು ಸಹಜ. ಆದರೆ ಈ ಸಸ್ಯಗಳಿಗೆ ಬೇಕಾದದ್ದು ಕಾಡಲ್ಲ, ಬಡ ಮಣ್ಣು, ಬಿಸಿಲು ಮತ್ತು ಕೆಲವು ತಿಂಗಳ ತೇವ. ಒಣಸೀಮೆಯ ಬೆಟ್ಟದ ಮಗ್ಗುಲಲ್ಲಿಯೂ ಇವು ಮೂರೂ ಒಟ್ಟಿಗೆ ಸಿಗಬಲ್ಲವು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಇದಕ್ಕೆ ಒಳ್ಳೆಯ ಉದಾಹರಣೆಯಾಗುವಂಥ ಭೂಪ್ರದೇಶ. ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿ ರಾಮನಗರದ ಕಡೆಯಿಂದ ಉತ್ತರಕ್ಕೆ ಸಾಗಿ ಜಿಲ್ಲೆಯ ಪೂರ್ವಭಾಗವನ್ನು ಹಾದುಹೋಗುತ್ತದೆ. ಸುಮಾರು 1,198 ಮೀಟರ್ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಮತ್ತು ಸಿದ್ಧರಬೆಟ್ಟ, ಪಾವಗಡದ ಕೋಟೆ ಬೆಟ್ಟ ಇವೆಲ್ಲ ಕಲ್ಲುಬೆಟ್ಟಗಳು. ಇಲ್ಲಿ ಮಳೆ ಕಡಿಮೆ. ಬೀಳುವುದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಮಳೆ ನಿಂತ ಮೇಲೂ ಬೆಟ್ಟದ ಮೇಲಿನ ತೆಳು ಮಣ್ಣು ಹೀರಿಟ್ಟುಕೊಂಡ ನೀರು ಹಾಸುಬಂಡೆಯ ಮೇಲೆ ಸಣ್ಣಗೆ ಜಿನುಗುತ್ತಿರುತ್ತದೆ. ಬಂಡೆಯ ಬುಡದಲ್ಲಿ ಮರಳು ಮಿಶ್ರಿತ ತೆಳು ಮಣ್ಣು ಒದ್ದೆಯಾಗಿ ಉಳಿಯುತ್ತದೆ. ದೊಣೆಗಳಲ್ಲಿ ನೀರು ನಿಲ್ಲುತ್ತದೆ. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಡ್ರಾಸೆರಾವನ್ನೂ ನೆಲವಾಸಿ ಯುಟ್ರಿಕ್ಯುಲೇರಿಯಾವನ್ನೂ ಹುಡುಕಬೇಕಾದ ಜಾಗ ಇಂಥ ಒರತೆಯ ಅಂಚುಗಳೇ. ಮುಂಗಾರಿನ ಕೊನೆಯಿಂದ ಚಳಿಗಾಲದವರೆಗೆ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಈ ಗಿಡಗಳು ಒಣಗುತ್ತವೆ. ಬೇಸಿಗೆಯಲ್ಲಿ ಅದೇ ಜಾಗವನ್ನು ನೋಡಿದವರಿಗೆ ಬರಿಯ ಕಾದ ಬಂಡೆ ಮತ್ತು ಮರಳು ಕಾಣುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಮಾತ್ರ ನಡೆಸಿದ ಸಸ್ಯ ಸಮೀಕ್ಷೆಯಲ್ಲಿ ಇವು ದಾಖಲಾಗುವುದೇ ಇಲ್ಲ.

ಒಂದು ಒರತೆಯ ವಿಸ್ತೀರ್ಣ ಹಲವೊಮ್ಮೆ ಕಣದಷ್ಟು ಕೂಡ ಇರುವುದಿಲ್ಲ. ಒಂದು ಬೆಟ್ಟಕ್ಕೂ ಇನ್ನೊಂದಕ್ಕೂ ನಡುವೆ ಕಡಲೆಕಾಯಿ, ರಾಗಿ ಹೊಲಗಳ ಒಣ ಬಯಲು. ಸಸ್ಯದ ದೃಷ್ಟಿಯಿಂದ ಪ್ರತಿ ಬೆಟ್ಟವೂ ಸಮುದ್ರದ ನಡುವಿನ ದ್ವೀಪವಿದ್ದಂತೆ. ಇಂಥ ಎರಡು ದ್ವೀಪಗಳ ಗಿಡಗಳ ನಡುವೆ ಪರಾಗ ಅಥವಾ ಬೀಜದ ವಿನಿಮಯ ನಡೆಯುತ್ತಿದೆಯೇ, ನಿಂತುಹೋಗಿದ್ದರೆ ಎಷ್ಟು ತಲೆಮಾರುಗಳಿಂದ ನಿಂತಿದೆ ಎಂಬುದನ್ನು ತಿಳಿಸಬಲ್ಲದ್ದು ಆನುವಂಶಿಕ ಸೂಚಕ.

ಕೆರೆಗಳ ಸಸ್ಯಗಳ ಸ್ಥಿತಿ ಬೇರೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಮತ್ತು ಬೂದು ಬಕಗಳು ಗೂಡು ಕಟ್ಟುತ್ತವೆ. ಇಂಥ ನೀರುಹಕ್ಕಿಗಳು ಆಹಾರಕ್ಕಾಗಿ ಕೆರೆಯಿಂದ ಕೆರೆಗೆ ಹಾರುತ್ತವೆ. ನೀರಿನಲ್ಲಿ ತೇಲುವ ಸಸ್ಯಗಳ ಬೀಜ ಮತ್ತು ತುಂಡುಗಳು ಹಕ್ಕಿಗಳ ಕಾಲು, ಗರಿಗಳಿಗೆ ಅಂಟಿ ದೂರ ಸಾಗುತ್ತವೆ ಎಂದು ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ. ಯುಟ್ರಿಕ್ಯುಲೇರಿಯಾದ ಒಂದು ತುಂಡು ಕೂಡ ಹೊಸ ಗಿಡವಾಗಬಲ್ಲದು. ಆದುದರಿಂದ ಒಂದೇ ತಾಲ್ಲೂಕಿನ ಬೆಟ್ಟದ ಗಿಡ ಮತ್ತು ಕೆರೆಯ ಗಿಡಗಳ ಆನುವಂಶಿಕ ಚಿತ್ರ ಒಂದೇ ರೀತಿ ಇರಬೇಕಾಗಿಲ್ಲ.

ಸೂಚಕಗಳ ಬಗೆಗಳು

ಡಿಎನ್‌ಎಯ ಆಯ್ದ ಭಾಗವನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸುವ ಪಿಸಿಆರ್ ವಿಧಾನವನ್ನು ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದರು. 1993ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ಬಳಕೆಯಲ್ಲಿರುವ ಸೂಚಕಗಳಲ್ಲಿ ಹೆಚ್ಚಿನವು ಈ ವಿಧಾನವನ್ನೇ ಆಧರಿಸಿವೆ.

1990ರಲ್ಲಿ ಬಂದ ಆರ್‌ಎಪಿಡಿ ವಿಧಾನದಲ್ಲಿ ಯಾದೃಚ್ಛಿಕವಾಗಿ ಆರಿಸಿದ ಹತ್ತು ಅಕ್ಷರಗಳ ಒಂದು ಪ್ರೈಮರ್ ಡಿಎನ್‌ಎಯಲ್ಲಿ ಎಲ್ಲೆಲ್ಲಿ ಕೂಡುತ್ತದೆಯೋ ಅಲ್ಲೆಲ್ಲ ಪ್ರತಿಗಳು ತಯಾರಾಗುತ್ತವೆ. ಸಸ್ಯದ ಡಿಎನ್‌ಎ ಅನುಕ್ರಮ ಮೊದಲೇ ತಿಳಿದಿರಬೇಕಿಲ್ಲ, ಖರ್ಚೂ ಕಡಿಮೆ. 1994ರ ಐಎಸ್‌ಎಸ್‌ಆರ್ ಮತ್ತು 1995ರ ಎಎಫ್‌ಎಲ್‌ಪಿ ವಿಧಾನಗಳು ಇದಕ್ಕಿಂತ ಹೆಚ್ಚು ನಂಬಲರ್ಹ. ಈ ಮೂರರಲ್ಲಿಯೂ ಫಲಿತಾಂಶ ಪಟ್ಟಿಗಳ ರೂಪದಲ್ಲಿ ಬರುತ್ತದೆ. ಪಟ್ಟಿ ಇದೆ ಅಥವಾ ಇಲ್ಲ ಎಂದಷ್ಟೇ ಓದಬಹುದು.

ಮೈಕ್ರೋಸ್ಯಾಟಲೈಟ್ ಅಥವಾ ಎಸ್‌ಎಸ್‌ಆರ್ ಎಂಬುದು ಎರಡರಿಂದ ಆರು ಅಕ್ಷರಗಳ ಒಂದು ಚಿಕ್ಕ ಗುಂಪು ಸಾಲಾಗಿ ಮತ್ತೆ ಮತ್ತೆ ಬರುವ ಭಾಗ. ಒಂದು ಗಿಡದಲ್ಲಿ ಆ ಗುಂಪು 12 ಬಾರಿ ಬಂದಿದ್ದರೆ ಇನ್ನೊಂದರಲ್ಲಿ 15 ಬಾರಿ ಬಂದಿರಬಹುದು. ತಾಯಿಯಿಂದ ಬಂದ ಪ್ರತಿ ಮತ್ತು ತಂದೆಯಿಂದ ಬಂದ ಪ್ರತಿ ಎರಡನ್ನೂ ಬೇರೆ ಬೇರೆಯಾಗಿ ಓದಲು ಸಾಧ್ಯವಿರುವುದು ಇದರ ದೊಡ್ಡ ಅನುಕೂಲ. ಪ್ರತಿ ಪ್ರಭೇದಕ್ಕೂ ಪ್ರೈಮರುಗಳನ್ನು ಹೊಸದಾಗಿ ಹುಡುಕಬೇಕಾದದ್ದು ಇದರ ತೊಡಕು. ಇತ್ತೀಚೆಗೆ, 2008ರ ನಂತರ ಬಳಕೆಗೆ ಬಂದ ರ‍್ಯಾಡ್ ಸೀಕ್ವೆನ್ಸಿಂಗ್ ಮುಂತಾದ ವಿಧಾನಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸಗಳನ್ನು ಸಾವಿರಾರು ಸ್ಥಾನಗಳಲ್ಲಿ ಒಮ್ಮೆಲೇ ಓದಲಾಗುತ್ತದೆ.

ಕ್ಲೋರೋಪ್ಲಾಸ್ಟ್ ಡಿಎನ್‌ಎ ಇನ್ನೊಂದು ಆಕರ. ಹೂಬಿಡುವ ಸಸ್ಯಗಳಲ್ಲಿ ಅದು ಬಹುಮಟ್ಟಿಗೆ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಬೀಜದ ಪಯಣವನ್ನು ಸೂಚಿಸುತ್ತದೆ; ಕೋಶಕೇಂದ್ರದ ಡಿಎನ್‌ಎ ಬೀಜ ಮತ್ತು ಪರಾಗ ಎರಡರದ್ದನ್ನೂ ಸೂಚಿಸುತ್ತದೆ. ಎರಡನ್ನೂ ಹೋಲಿಸಿದಾಗ ಯಾವುದು ಬೆಟ್ಟದಿಂದ ಬೆಟ್ಟಕ್ಕೆ ದಾಟಿದೆ ಎಂಬುದನ್ನು ಊಹಿಸಬಹುದು.

ಕೀಟ ತಿನ್ನುವ ಗಿಡದ ವಿಶೇಷ ತೊಡಕುಗಳು

ಸಾಮಾನ್ಯ ಸಸ್ಯಕ್ಕೆ ಹೊಂದುವ ಪ್ರಯೋಗಕ್ರಮವನ್ನು ಹಾಗೆಯೇ ಮಾಂಸಾಹಾರಿ ಸಸ್ಯಕ್ಕೆ ಅನ್ವಯಿಸಲಾಗದು. ಡ್ರಾಸೆರಾದ ಎಲೆಯಲ್ಲಿ ಗಿಡದ ಡಿಎನ್‌ಎ ಮಾತ್ರ ಇರುವುದಿಲ್ಲ. ಅಂಟಿಗೆ ಸಿಕ್ಕಿ ಸತ್ತ ನೊರಜು, ಇರುವೆ, ಸೊಳ್ಳೆಗಳ ಡಿಎನ್‌ಎ, ಅವುಗಳ ಮೇಲೆ ಬೆಳೆದ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಡಿಎನ್‌ಎ ಕೂಡ ಇರುತ್ತವೆ. ಯುಟ್ರಿಕ್ಯುಲೇರಿಯಾದ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳೇ ತುಂಬಿರುತ್ತವೆ. ಯಾವ ಜೀವಿಯ ಡಿಎನ್‌ಎಗಾದರೂ ಕೂಡಬಲ್ಲ ಆರ್‌ಎಪಿಡಿ ಪ್ರೈಮರ್ ಇಲ್ಲಿ ಕೀಟದ ಪಟ್ಟಿಯನ್ನೂ ಗಿಡದ ಪಟ್ಟಿಯೆಂದೇ ತೋರಿಸಬಹುದು. ಆಗ ಅಳೆದದ್ದು ಗಿಡಗಳ ವೈವಿಧ್ಯವಾಗಿರದೆ ಅವು ತಿಂದ ಊಟದ ವೈವಿಧ್ಯವಾಗಿರುತ್ತದೆ. ಅಗ್ಗವೆಂಬ ಕಾರಣಕ್ಕೆ ಈ ಸಸ್ಯಗಳಿಗೆ ಆರ್‌ಎಪಿಡಿಯನ್ನು ಆರಿಸುವುದು ಆದ್ದರಿಂದ ಜಾಣತನವಲ್ಲ. ಆಯಾ ಸಸ್ಯಕ್ಕೆಂದೇ ರೂಪಿಸಿದ ಮೈಕ್ರೋಸ್ಯಾಟಲೈಟ್ ಪ್ರೈಮರುಗಳಲ್ಲಿ ಈ ಅಪಾಯ ಬಹಳ ಕಡಿಮೆ. ಮುನ್ನೆಚ್ಚರಿಕೆಯಾಗಿ ಇನ್ನೂ ಬಿಚ್ಚಿಕೊಳ್ಳದ ಎಳೆಯ ಎಲೆ, ಹೂವಿನ ದಂಟು ಅಥವಾ ಮೊಗ್ಗನ್ನು ಆರಿಸಿ ತೊಳೆದು ಬಳಸಲಾಗುತ್ತದೆ.

ಅಂಟು ಎರಡನೆಯ ತೊಡಕು. ಕೀಟವನ್ನು ಹಿಡಿಯುವ ಲೋಳೆ ಬಹುಶರ್ಕರಗಳಿಂದಾದದ್ದು. ಡಿಎನ್‌ಎ ಬೇರ್ಪಡಿಸುವಾಗ ಇದು ಡಿಎನ್‌ಎಯೊಡನೆಯೇ ಕೆಳಗಿಳಿದು ಪಿಸಿಆರ್ ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ಡ್ರಾಸೆರಾ ಕುಲದ ಗಿಡಗಳಲ್ಲಿ ಪ್ಲಂಬಾಜಿನ್ ಮುಂತಾದ ನ್ಯಾಫ್ತೋಕ್ವಿನೋನುಗಳೂ ಪಾಲಿಫೀನಾಲುಗಳೂ ಇದ್ದು, ಎಲೆಯನ್ನು ಅರೆದೊಡನೆ ದ್ರಾವಣ ಕಂದುಬಣ್ಣಕ್ಕೆ ತಿರುಗುತ್ತದೆ. ಸಸ್ಯವಿಜ್ಞಾನಿಗಳು 1980ರ ದಶಕದಿಂದ ಬಳಸುತ್ತಿರುವ ಸಿಟಿಎಬಿ ವಿಧಾನಕ್ಕೆ ಪಾಲಿವಿನೈಲ್ ಪೈರೋಲಿಡೋನ್ ಮತ್ತು ಮರ್ಕಾಪ್ಟೋಎಥನಾಲ್ ಸೇರಿಸಿ, ಉಪ್ಪಿನ ಪ್ರಮಾಣ ಹೆಚ್ಚಿಸಿ ಈ ಕಲ್ಮಶಗಳನ್ನು ತೆಗೆಯಲಾಗುತ್ತದೆ. ಗಿಡದ ಗಾತ್ರವೂ ಒಂದು ಸಮಸ್ಯೆಯೇ. ನಾಣ್ಯದಷ್ಟಗಲದ ಡ್ರಾಸೆರಾ ಬರ್ಮಾನಿಯಿಂದ ಎರಡು ಮೂರು ಎಲೆ ಕಿತ್ತರೆ ಗಿಡದ ಗಣನೀಯ ಭಾಗವೇ ಹೋದಂತೆ. ವೈವಿಧ್ಯವನ್ನು ಉಳಿಸಲೆಂದು ಹೊರಟ ಅಧ್ಯಯನವೇ ಇರುವ ನೂರು ಗಿಡಗಳಲ್ಲಿ ಮೂವತ್ತನ್ನು ಕೊಲ್ಲುವಂತಾಗಬಾರದು.

ಡಿಎನ್‌ಎಯ ಪ್ರಮಾಣದಲ್ಲಿಯೂ ಈ ಸಸ್ಯಗಳು ವಿಲಕ್ಷಣ. ಯುಟ್ರಿಕ್ಯುಲೇರಿಯಾ ಗಿಬ್ಬಾದ ಸಂಪೂರ್ಣ ಡಿಎನ್‌ಎ ಅನುಕ್ರಮ 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿದ್ದರೆ ಇದರಲ್ಲಿ ಇದ್ದದ್ದು ಸುಮಾರು 8.2 ಕೋಟಿ ಮಾತ್ರ. ಆದರೂ ಜೀನುಗಳ ಸಂಖ್ಯೆ ಸುಮಾರು 28,500. ಜೀನುಗಳ ನಡುವಿನ ಪುನರಾವರ್ತಿತ ಭಾಗ ಇದರಲ್ಲಿ ಅತ್ಯಲ್ಪ. ಈ ಕುಟುಂಬದ ಕೆಲವು ಕವಲುಗಳಲ್ಲಿ ಡಿಎನ್‌ಎ ಬದಲಾವಣೆಯ ವೇಗವೂ ಹೆಚ್ಚು. ಆದುದರಿಂದ ಒಂದು ಪ್ರಭೇದಕ್ಕೆ ತಯಾರಿಸಿದ ಪ್ರೈಮರು ಇನ್ನೊಂದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಬ್ರೆಜಿಲಿನ ಯುಟ್ರಿಕ್ಯುಲೇರಿಯಾ ರೆನಿಫಾರ್ಮಿಸ್ ಎಂಬ ಸಸ್ಯಕ್ಕೆ 2012ರಲ್ಲಿ ಮೈಕ್ರೋಸ್ಯಾಟಲೈಟ್ ಸೂಚಕಗಳನ್ನು ರೂಪಿಸಲಾಯಿತು. ಡ್ರಾಸೆರಾದ ವಿಷಯದಲ್ಲಿ, ಡ್ರಾಸೆರಾ ಸ್ಪಾಟುಲೇಟಾದ ಜೀನೋಮ್ 2020ರಲ್ಲಿ ಪ್ರಕಟವಾದ ಮೇಲೆ ಪ್ರೈಮರು ಹುಡುಕುವ ಕೆಲಸ ಹಗುರವಾಗಿದೆ.

ಸೂಚಕವನ್ನು ರೂಪಿಸುವ ಕ್ರಮ

ಮೊದಲು ಒಂದೆರಡು ಗಿಡಗಳ ಡಿಎನ್‌ಎಯನ್ನು ಹೊಸ ತಲೆಮಾರಿನ ಸೀಕ್ವೆನ್ಸಿಂಗ್ ಯಂತ್ರದಲ್ಲಿ ಓದಿಸಲಾಗುತ್ತದೆ. ಬಂದ ಲಕ್ಷಾಂತರ ತುಣುಕುಗಳಲ್ಲಿ ಅಕ್ಷರಗುಂಪು ಪುನರಾವರ್ತನೆಯಾಗಿರುವವನ್ನು ಗಣಕ ತಂತ್ರಾಂಶ ಆರಿಸುತ್ತದೆ. ಪುನರಾವರ್ತನೆಯ ಎರಡೂ ಬದಿಯ ಸ್ಥಿರ ಭಾಗಗಳಿಗೆ ಹೊಂದುವಂತೆ ಸುಮಾರು 20 ಅಕ್ಷರಗಳ ಪ್ರೈಮರ್ ಜೋಡಿಯನ್ನು ವಿನ್ಯಾಸ ಮಾಡಲಾಗುತ್ತದೆ. ಬಳಿಕದ ಪರೀಕ್ಷೆಗಳಲ್ಲಿ ಬಹಳಷ್ಟು ಜೋಡಿಗಳು ಬಿದ್ದುಹೋಗುತ್ತವೆ: ಕೆಲವು ಏನನ್ನೂ ಹೆಚ್ಚಿಸುವುದಿಲ್ಲ, ಕೆಲವು ಎಲ್ಲ ಗಿಡಗಳಲ್ಲಿಯೂ ಒಂದೇ ಉದ್ದವನ್ನು ತೋರಿಸುತ್ತವೆ, ಕೆಲವು ಹಲವೆಡೆ ಕೂಡಿ ಗೊಂದಲ ಮಾಡುತ್ತವೆ. ಐವತ್ತು ಜೋಡಿಗಳಿಂದ ಹೊರಟು ಹತ್ತು ಹನ್ನೆರಡು ಉಪಯುಕ್ತ ಸೂಚಕಗಳು ಉಳಿದರೂ ಅದು ಒಳ್ಳೆಯ ಫಲವೇ. ಕೀಟದ ಡಿಎನ್‌ಎ ಒಂದನ್ನೇ ಇಟ್ಟು ಅದೇ ಪ್ರೈಮರಿನಿಂದ ಪಿಸಿಆರ್ ನಡೆಸಿ, ಏನೂ ಹೆಚ್ಚುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಮಾಂಸಾಹಾರಿ ಸಸ್ಯಗಳಿಗೆ ಬೇಕಾದ ಹೆಚ್ಚುವರಿ ಹಂತ.

ಹೊರಾಂಗಣದಲ್ಲಿ ಪ್ರತಿ ನೆಲೆಯಿಂದ ಸಾಮಾನ್ಯವಾಗಿ 20ರಿಂದ 30 ಗಿಡಗಳ ಮಾದರಿ ತೆಗೆದು, ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಪ್ರತಿ ಗಿಡದ ಸ್ಥಾನವನ್ನು ಬರೆದಿಡಲಾಗುತ್ತದೆ. ತುಂಡಿನಿಂದಲೇ ಹೊಸ ಗಿಡವಾಗುವ ಯುಟ್ರಿಕ್ಯುಲೇರಿಯಾದಲ್ಲಿ ಒತ್ತೊತ್ತಾಗಿರುವ ಹತ್ತು ಗಿಡಗಳು ಒಂದೇ ಗಿಡದ ಹತ್ತು ತುಂಡುಗಳಾಗಿರಬಹುದಾದ್ದರಿಂದ ಮಾದರಿಗಳ ನಡುವೆ ಅಂತರ ಬೇಕು.

ಫಲಿತಾಂಶವನ್ನು ಓದುವ ಬಗೆ

ಮೇಲೆ ಹೇಳಿದ ಎರಡು ಡ್ರಾಸೆರಾ ಪ್ರಭೇದಗಳ ಹೂವುಗಳು ಕೀಟದ ನೆರವಿಲ್ಲದೆ ಸ್ವಪರಾಗಸ್ಪರ್ಶದಿಂದಲೇ ಬೀಜ ಕಟ್ಟಬಲ್ಲವು. ಈ ಒಂದು ಸಂಗತಿ ಇಡೀ ಅಧ್ಯಯನದ ಅರ್ಥವನ್ನು ಬದಲಿಸುತ್ತದೆ. ತನ್ನ ಪರಾಗದಿಂದಲೇ ಬೀಜ ಕಟ್ಟುವ ಗಿಡದ ಸಂತತಿಯಲ್ಲಿ ವಿಷಮಯುಗ್ಮಜ ಸ್ಥಿತಿ, ಅಂದರೆ ಒಂದೇ ಸ್ಥಾನದಲ್ಲಿ ಎರಡು ಭಿನ್ನ ರೂಪಗಳಿರುವುದು, ತಲೆಮಾರಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಕಲ್ಪಿತ ಉದಾಹರಣೆಯೊಂದರಿಂದ ಇದನ್ನು ವಿವರಿಸಬಹುದು. ಒಂದು ಬೆಟ್ಟದಲ್ಲಿ 40 ಗಿಡಗಳನ್ನು ಪರೀಕ್ಷಿಸಿದಾಗ ಒಂದು ಸೂಚಕದ 12 ಮತ್ತು 15 ಪುನರಾವರ್ತನೆಯ ರೂಪಗಳು ಸಮಸಮನಾಗಿ ಕಂಡವೆಂದು ಇಟ್ಟುಕೊಳ್ಳಬಹುದು. ಗಿಡಗಳು ಯಾದೃಚ್ಛಿಕವಾಗಿ ಪರಾಗ ವಿನಿಮಯ ಮಾಡಿಕೊಂಡಿದ್ದರೆ, 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ತೋರಿಸಿದ ನಿಯಮದಂತೆ, 20 ಗಿಡಗಳು ಎರಡೂ ರೂಪಗಳನ್ನು ಹೊಂದಿರಬೇಕು. ನಿಜವಾಗಿ ಕಂಡದ್ದು 4 ಗಿಡಗಳು ಮಾತ್ರವಾದರೆ ಒಳಸಂತಾನ ಗುಣಾಂಕ 1ರಿಂದ ಇಪ್ಪತ್ತರಲ್ಲಿ ನಾಲ್ಕು ಭಾಗ ಕಳೆದಾಗ ಉಳಿಯುವ 0.8. ಹಲವು ತಲೆಮಾರುಗಳಿಂದ ಇದೇ ಸ್ಥಿತಿ ಇದೆಯೆಂದು ಭಾವಿಸಿದರೆ, ಸುಮಾರು ಶೇಕಡ 89ರಷ್ಟು ಬೀಜಗಳು ಸ್ವಪರಾಗಸ್ಪರ್ಶದಿಂದ ಆದವು ಎಂದಾಗುತ್ತದೆ. ಪಟ್ಟಿ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಆರ್‌ಎಪಿಡಿ, ಐಎಸ್‌ಎಸ್‌ಆರ್ ಸೂಚಕಗಳಿಂದ ಈ ಲೆಕ್ಕವನ್ನು ನೇರವಾಗಿ ಮಾಡಲು ಬರುವುದಿಲ್ಲ. ಒಂದು ಪ್ರತಿ ಇರುವ ಗಿಡವೂ ಎರಡು ಪ್ರತಿ ಇರುವ ಗಿಡವೂ ಅವುಗಳಲ್ಲಿ ಒಂದೇ ರೀತಿ ಕಾಣುತ್ತವೆ.

ಬೆಟ್ಟಗಳ ನಡುವಿನ ಅಂತರವನ್ನು ಅಳೆಯಲು ಸೂವಲ್ ರೈಟ್ ರೂಪಿಸಿದ ಎಫ್‌ಎಸ್‌ಟಿ ಎಂಬ ಸೂಚ್ಯಂಕವನ್ನು ಬಳಸುತ್ತಾರೆ. ಒಂದು ಬೆಟ್ಟದ ಎಲ್ಲ ಗಿಡಗಳಲ್ಲಿಯೂ 12ರ ರೂಪ, ಇನ್ನೊಂದರ ಎಲ್ಲ ಗಿಡಗಳಲ್ಲಿಯೂ 15ರ ರೂಪ ಇದ್ದರೆ ಅದರ ಮೌಲ್ಯ 1. ಎರಡು ಬೆಟ್ಟಗಳಲ್ಲಿಯೂ ಎರಡು ರೂಪಗಳು ಒಂದೇ ಪ್ರಮಾಣದಲ್ಲಿ ಬೆರೆತಿದ್ದರೆ ಮೌಲ್ಯ 0. ಮೊದಲನೆಯ ಸ್ಥಿತಿಯನ್ನು ಗಮನವಿಟ್ಟು ನೋಡಬೇಕು. ಅಲ್ಲಿ ಪ್ರತಿ ಬೆಟ್ಟದ ಒಳಗಿನ ವೈವಿಧ್ಯ ಸೊನ್ನೆ. ಒಂದೇ ಬೆಟ್ಟವನ್ನು ಅಧ್ಯಯನ ಮಾಡಿದವರು ಈ ಸಸ್ಯದಲ್ಲಿ ವೈವಿಧ್ಯವೇ ಇಲ್ಲ, ಒಂದು ನೆಲೆ ಹೋದರೂ ನಷ್ಟವಿಲ್ಲ ಎಂದು ಬರೆದುಬಿಡುವ ಸಂಭವವಿದೆ. ವಾಸ್ತವದಲ್ಲಿ ಪ್ರಭೇದದ ವೈವಿಧ್ಯವೆಲ್ಲ ಬೆಟ್ಟ ಬೆಟ್ಟಗಳ ನಡುವೆ ಹಂಚಿಹೋಗಿದ್ದು, ಒಂದು ಬೆಟ್ಟ ಹೋದರೆ ಅದರ ಪಾಲು ಸಂಪೂರ್ಣವಾಗಿ ಹೋಗುತ್ತದೆ. ಸ್ವಪರಾಗಸ್ಪರ್ಶ ಮಾಡುವ, ಚದುರಿದ ನೆಲೆಗಳ ಸಸ್ಯಗಳಲ್ಲಿ ವೈವಿಧ್ಯ ಈ ಬಗೆಯಲ್ಲಿ ಹಂಚಿಹೋಗುವುದು ಸಾಮಾನ್ಯ. ಬೆಟ್ಟದಲ್ಲಿ ಎಷ್ಟು ಗಿಡಗಳಿವೆ ಎಂಬ ಎಣಿಕೆಗಿಂತ ಎಷ್ಟು ಬೆಟ್ಟಗಳಲ್ಲಿ ಗಿಡ ಉಳಿದಿದೆ ಎಂಬ ಎಣಿಕೆ ಆಗ ಹೆಚ್ಚು ಮುಖ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಆಲ್ಡ್ರೊವಾಂಡಾ ವೆಸಿಕ್ಯುಲೋಸಾ ಎಂಬ ಬೇರಿಲ್ಲದ ಜಲಸಸ್ಯ. ಯುರೋಪ್, ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಚದುರಿರುವ ಇದರ ಸಮುದಾಯಗಳ ನಡುವಿನ ಆನುವಂಶಿಕ ವ್ಯತ್ಯಾಸ ತೀರ ಕಡಿಮೆಯೆಂದು 2003ರಿಂದ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ನೀರುಹಕ್ಕಿಗಳ ಮೂಲಕ ಹರಡಿದ್ದು ಇದಕ್ಕೆ ಒಂದು ಕಾರಣವೆಂದು ಊಹಿಸಲಾಗಿದೆ.

ಇದೇ ಸೀಮೆಯ ಇತರ ಜೀವಿಗಳಲ್ಲಿ ಸೂಚಕಗಳ ಬಳಕೆ

ಆನುವಂಶಿಕ ಸೂಚಕ ಈ ಭಾಗದ ಜನಜೀವನಕ್ಕೆ ದೂರದ ವಿಷಯವೇನಲ್ಲ. ಪಾವಗಡ, ಶಿರಾ, ಮಧುಗಿರಿಗಳ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆಯಾದ ಕಡಲೆಕಾಯಿಯಲ್ಲಿ, ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯಲ್ಲಿರುವ ತುಕ್ಕುರೋಗ ನಿರೋಧಕ ಗುಣವನ್ನು ಡಿಎನ್‌ಎ ಸೂಚಕಗಳ ನೆರವಿನಿಂದ ಗುರುತಿಸಿ, ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಇತರ ತಳಿಗಳಿಗೆ ವರ್ಗಾಯಿಸಲಾಗಿದೆ.

ಸಮುದಾಯಗಳ ಅಧ್ಯಯನಕ್ಕೆ ಹತ್ತಿರದ ಮಾದರಿಯೆಂದರೆ ಕೃಷ್ಣಮೃಗದ್ದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ; ಇದು 2007ರಲ್ಲಿ ಘೋಷಿತವಾಯಿತು. ಕೃಷ್ಣಮೃಗಗಳೂ ಇಂದು ಹೊಲ, ರಸ್ತೆಗಳ ನಡುವೆ ತುಣುಕು ತುಣುಕಾದ ಬಯಲುಗಳಲ್ಲಿ ಉಳಿದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಅನನ್ಯಾ ಜಾನಾ ಮತ್ತು ಪ್ರವೀಣ್ ಕಾರಂತ್ ಅವರು ದೇಶದ ಎಂಟು ರಾಜ್ಯಗಳ 12 ಸ್ಥಳಗಳಿಂದ ಹಿಕ್ಕೆಗಳನ್ನು ಸಂಗ್ರಹಿಸಿ, ಪ್ರಾಣಿಯನ್ನು ಮುಟ್ಟದೆಯೇ ಅದರಿಂದ ಡಿಎನ್‌ಎ ಪಡೆದು ಅಧ್ಯಯನ ಮಾಡಿದರು. ಉತ್ತರ, ದಕ್ಷಿಣ ಮತ್ತು ಪೂರ್ವ ಎಂಬ ಮೂರು ಗುಂಪುಗಳು ಕಂಡುಬಂದವು. ಪೂರ್ವದ ಗುಂಪು ಭೌಗೋಳಿಕವಾಗಿ ಉತ್ತರಕ್ಕೆ ಹತ್ತಿರವಿದ್ದರೂ ದಕ್ಷಿಣದ ಗುಂಪಿನಿಂದ ಹುಟ್ಟಿದಂತೆ ತೋರಿತು. ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ಮತ್ತು ಕೋಶಕೇಂದ್ರದ ಸೂಚಕಗಳನ್ನು ಹೋಲಿಸಿದಾಗ, ಹೆಣ್ಣುಗಳು ಹುಟ್ಟಿದ ಸೀಮೆಯಲ್ಲಿಯೇ ಉಳಿಯುತ್ತವೆ, ಗಂಡುಗಳು ನಿರೀಕ್ಷೆಗಿಂತ ಹೆಚ್ಚು ದೂರ ಚಲಿಸಿ ಸಮುದಾಯಗಳನ್ನು ಬೆಸೆಯುತ್ತವೆ ಎಂಬುದು ತಿಳಿಯಿತು. ಸಸ್ಯದಲ್ಲಿ ಬೀಜ ಮತ್ತು ಪರಾಗಗಳ ಚಲನೆಯನ್ನು ಬೇರ್ಪಡಿಸುವುದೂ ಇದೇ ತರ್ಕದಿಂದ. ವ್ಯತ್ಯಾಸವೆಂದರೆ ಕೃಷ್ಣಮೃಗ ನಡೆದು ಹೋಗಬಲ್ಲದು. ಒರತೆ ಬತ್ತಿದಾಗ ಡ್ರಾಸೆರಾ ಎಲ್ಲಿಗೂ ಹೋಗಲಾರದು.

ಸಂರಕ್ಷಣೆಯಲ್ಲಿ ಅನ್ವಯ

ಕಲ್ಲು ಗಣಿಗಾರಿಕೆ, ಬೆಟ್ಟದ ಬುಡದ ನೆಲವನ್ನು ಸಮತಟ್ಟು ಮಾಡುವುದು, ನೀಲಗಿರಿ ನೆಡುತೋಪು, ಅಂತರ್ಜಲದ ಕುಸಿತ, ಒರತೆಯ ಮೇಲೆಯೇ ಹಾದುಹೋಗುವ ಚಾರಣಿಗರ ಕಾಲುದಾರಿ ಇವು ಗ್ರಾನೈಟ್ ಬೆಟ್ಟಗಳ ಒದ್ದೆ ನೆಲೆಗಳಿಗೆ ಎಲ್ಲೆಡೆಯೂ ಇರುವ ಅಪಾಯಗಳು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇಂಥ ದೊಡ್ಡ ಪ್ರಮಾಣದ ಭೂಬಳಕೆಯ ಯೋಜನೆಗಳಲ್ಲಿ ಮಳೆಗಾಲದಲ್ಲಿ ಮಾತ್ರ ಕಾಣುವ ಸಸ್ಯಗಳನ್ನು ಲೆಕ್ಕಕ್ಕೆ ತರಬೇಕಾದರೆ ಸಮೀಕ್ಷೆಯೂ ಮಳೆಗಾಲದ ಕೊನೆಯಲ್ಲಿಯೇ ನಡೆಯಬೇಕು.

ಒಂದು ನೆಲೆಯನ್ನು ಉಳಿಸಲಾಗದೆ ಗಿಡಗಳನ್ನು ಬೇರೆಡೆಗೆ ಸಾಗಿಸುವ ಪ್ರಸಂಗ ಬಂದಾಗ ಸೂಚಕಗಳ ಮಾಹಿತಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎರಡು ಬೆಟ್ಟಗಳ ಸಮುದಾಯಗಳು ಆನುವಂಶಿಕವಾಗಿ ಒಂದೇ ಆಗಿದ್ದರೆ ಒಂದರ ಬೀಜವನ್ನು ಇನ್ನೊಂದರಲ್ಲಿ ಬಿತ್ತಲು ಅಡ್ಡಿಯಿಲ್ಲ. ಬಹುಕಾಲದಿಂದ ಬೇರೆಯಾಗಿದ್ದರೆ ಬೆರೆಸುವುದರಿಂದ ಆಯಾ ನೆಲೆಗೆ ಹೊಂದಿಕೊಂಡ ಗುಣಗಳು ಕರಗಿಹೋಗಬಹುದು. ಆಗ ಪ್ರತಿ ಬೆಟ್ಟದ ಬೀಜವನ್ನೂ ಪ್ರತ್ಯೇಕವಾಗಿ ಸಂಗ್ರಹಿಸಿಡುವುದು ಲೇಸು. ಮಣ್ಣಿನಲ್ಲಿ ಮೊಳೆಯದೆ ಉಳಿದ ಬೀಜಗಳಲ್ಲಿಯೂ ವೈವಿಧ್ಯವಿರಬಹುದಾದ್ದರಿಂದ ಒಂದೇ ವರ್ಷದ, ಅದರಲ್ಲಿಯೂ ಬರಗಾಲದ ವರ್ಷದ ಮಾದರಿಯಿಂದ ತೀರ್ಮಾನಕ್ಕೆ ಬರಬಾರದು. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಬಂಡೆಗಳ ಸಾಲು ಗಡಿಯಾಚೆಗೂ ಮುಂದುವರಿಯುತ್ತದೆ. ಮಾದರಿ ಸಂಗ್ರಹ ರಾಜ್ಯದ ಗಡಿಯಲ್ಲಿ ನಿಂತರೆ ದೊರೆಯುವುದು ಅರ್ಧ ಚಿತ್ರ ಮಾತ್ರ.

ಮೀಸಲು ಅರಣ್ಯದಲ್ಲಿ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳೂ ಇಂಥ ಸಂಗ್ರಹಕ್ಕೆ ಸಂಬಂಧಿಸುತ್ತವೆ. ಅಧ್ಯಯನಕ್ಕೊಳಪಟ್ಟ ಪ್ರತಿ ಸಮುದಾಯದ ಒಂದು ಒಣ ಮಾದರಿಯನ್ನು ಸಸ್ಯಾಗಾರದಲ್ಲಿ ಇಡುವುದು ರೂಢಿ. ಸೆಸಿಲ್ ಸಲ್ಡಾನಾ ಅವರು ಡಾನ್ ನಿಕೋಲ್ಸನ್ ಅವರೊಡನೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನೂ, 1984ರಿಂದ ಕರ್ನಾಟಕದ ಸಸ್ಯಸಂಪತ್ತನ್ನೂ ಕುರಿತು ಪ್ರಕಟಿಸಿದ ಸಂಪುಟಗಳ ಹಿಂದೆ ಇರುವುದು ಇಂಥ ಸಂಗ್ರಹಗಳೇ. ದಶಕಗಳ ಹಿಂದೆ ಒತ್ತಿ ಒಣಗಿಸಿದ ಎಲೆಯಿಂದಲೂ ಚೂರುಚೂರಾದ ಡಿಎನ್‌ಎಯನ್ನು ಇಂದು ಪಡೆಯಬಹುದು. ಮೈಕ್ರೋಸ್ಯಾಟಲೈಟ್‌ನಂಥ ಗಿಡ್ಡ ಭಾಗಗಳನ್ನು ಓದಲು ಅಷ್ಟು ಸಾಕಾಗುವುದರಿಂದ, ಬತ್ತಿಹೋದ ಒರತೆಯೊಂದರ ಹಳೆಯ ಗಿಡವನ್ನು ಇಂದು ಉಳಿದಿರುವ ಬೆಟ್ಟಗಳ ಗಿಡಗಳೊಡನೆ ಹೋಲಿಸಲು ಸಾಧ್ಯವಾಗುತ್ತದೆ.